ಹದಿನೆಂಟು ತುಂಬಿದ ಮೇಲೆ ಪುಸ್ತಕ ಓದಿ ಹೇಳುವವರು ಯಾರು?

ಪ್ಲಸ್ ಟು ಫಲಿತಾಂಶ ಬಂದ ಮರುದಿನದಿಂದಲೇ ಕಾಸರಗೋಡು–ಮಂಗಳೂರು ಬಸ್ಸುಗಳಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ತಂದೆ-ಮಕ್ಕಳ ಸಂಖ್ಯೆ ಜಾಸ್ತಿಯಾಗುತ್ತದೆ. ಕೆಲವರು ತಲಪಾಡಿ ದಾಟಿ ಮಂಗಳೂರಿಗೆ, ಕೆಲವರು ವಿದ್ಯಾನಗರದ ಸರಕಾರಿ ಕಾಲೇಜಿಗೆ, ಇನ್ನು ಕೆಲವರು ಮಂಜೇಶ್ವರದ ಗೋವಿಂದ ಪೈ ಕಾಲೇಜಿಗೆ. ಅಡ್ಮಿಷನ್ ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳು ಎಲ್ಲ ಕಡೆ ಒಂದೇ. ಫೀಸು ಎಷ್ಟು? ಕಂತಿನಲ್ಲಿ ಕಟ್ಟಬಹುದಾ? ಹಾಸ್ಟೆಲ್ ಉಂಟಾ? ಬಸ್ ಎಲ್ಲಿಯವರೆಗೆ ಬರುತ್ತದೆ? ಕಲಿತ ಮೇಲೆ ಕೆಲಸ ಸಿಗುತ್ತದಾ?

ಯಾರೂ ಕೇಳದ ಪ್ರಶ್ನೆ ಒಂದಿದೆ. ಈ ಕಾಲೇಜಿನ ಲೈಬ್ರರಿಯಲ್ಲಿರುವ ಪುಸ್ತಕವನ್ನು ಕಣ್ಣು ಕಾಣದ ಹುಡುಗ, ಅಥವಾ ಅಕ್ಷರ ಕಂಡರೂ ಸಾಲು ಹಿಡಿಯಲಾಗದ ಹುಡುಗಿ, ಹೇಗೆ ಓದಬೇಕು? ಈ ಪ್ರಶ್ನೆ ಕೇಳಬೇಕಾದ ಮನೆಯವರು ಹೆಚ್ಚಾಗಿ ಕೌಂಟರಿನವರೆಗೆ ಬರುವುದೇ ಇಲ್ಲ. ಹತ್ತನೆಯೋ ಹನ್ನೆರಡನೆಯೋ ಹೇಗೋ ಮುಗಿಸಿ, "ಇನ್ನು ಸಾಕು, ಇವನಿಗೆ ಯಾವುದಾದರೂ ಅಂಗಡಿಯಲ್ಲಿ ಕೂರುವ ಕೆಲಸ ನೋಡುವ" ಅಂತ ತೀರ್ಮಾನ ಆಗಿರುತ್ತದೆ. ಆ ತೀರ್ಮಾನದಲ್ಲಿ ಮಕ್ಕಳ ಬುದ್ಧಿಯ ಲೆಕ್ಕಕ್ಕಿಂತ ತಂದೆಯ ಜೇಬಿನ ಲೆಕ್ಕವೇ ಜಾಸ್ತಿ. ಆದರೆ ಆ ಲೆಕ್ಕವೂ ಈಗ ಹಳೆಯದಾಗಿದೆ. ಹತ್ತು ವರ್ಷದ ಹಿಂದೆ ದುಬಾರಿಯಾಗಿದ್ದ ಸಾಧನಗಳು ಈಗ ಜೇಬಿನಲ್ಲಿರುವ ಫೋನಿನೊಳಗೆ ಪುಕ್ಕಟೆ ಕೂತಿವೆ. ದುಬಾರಿಯಾಗಿರುವುದು ಬೇರೆಯೇ ಒಂದು.

ಕಾನೂನಿನಲ್ಲಿರುವ ಸಣ್ಣ ಅಕ್ಷರ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿಗೆ ಮಾತ್ರ ಜಾಗ ಇತ್ತು, ಹೊಸದರಲ್ಲಿ 21 ಇವೆ. ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳು ಮೊದಲ ಬಾರಿಗೆ ಪಟ್ಟಿಗೆ ಸೇರಿದವು. ಓದಲು ಬರೆಯಲು ಒದ್ದಾಡುವ ಮಗುವನ್ನು "ಸೋಮಾರಿ" ಅಂತ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾಲದಿಂದ ನೋಡಿದರೆ ಇದು ದೊಡ್ಡ ಹೆಜ್ಜೆ.

ಇದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕು ಎಂದಿದೆ. ಓದಿ ಖುಷಿಪಡುವ ಮೊದಲು ಅದೇ ವಾಕ್ಯದ ಕೊನೆ ನೋಡಬೇಕು: 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ, ಹದಿನೆಂಟು ವರ್ಷದವರೆಗೆ. ಉಚಿತ ಶಿಕ್ಷಣದ ಹಕ್ಕು ಹೇಳುವ 31ನೇ ಸೆಕ್ಷನ್ ಕೂಡ ಆರರಿಂದ ಹದಿನೆಂಟಕ್ಕೆ ನಿಲ್ಲುತ್ತದೆ. ಅಂದರೆ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ವರ್ಷಕ್ಕೆ ಸರಿಯಾಗಿ ಆ ಸಾಲಿನ ವಾರಂಟಿ ಮುಗಿಯುತ್ತದೆ.

ಹಾಗಂತ ಕಾಲೇಜುಗಳು ಕೈ ತೊಳೆದುಕೊಳ್ಳುವ ಹಾಗಿಲ್ಲ. 16ನೇ ಸೆಕ್ಷನ್ ಪ್ರಕಾರ ಸರಕಾರದ ಅನುದಾನ ಪಡೆಯುವ ಸಂಸ್ಥೆ ಮಾತ್ರ ಅಲ್ಲ, ಸರಕಾರದ ಮಾನ್ಯತೆ ಪಡೆದ ಸಂಸ್ಥೆಗಳಿಗೂ ಜವಾಬ್ದಾರಿ ಇದೆ. ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ 'ಸಮಂಜಸ ಹೊಂದಾಣಿಕೆ' ಮಾಡಿಕೊಡಬೇಕು ಎಂಬ ಮಾತು ಅಲ್ಲಿದೆ. ಸೀಟಿನಲ್ಲಿ 5 ಶೇಕಡಾ ಮೀಸಲಾತಿ ಮತ್ತು ವಯಸ್ಸಿನಲ್ಲಿ ಐದು ವರ್ಷದ ರಿಯಾಯಿತಿ ಕೊಡುವ 32ನೇ ಸೆಕ್ಷನ್ ಮಾತ್ರ ಸರಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ ಸೀಮಿತ. ಗಡಿಯಾಚೆಯ ಖಾಸಗಿ ಅನುದಾನರಹಿತ ಕಾಲೇಜಿಗೆ ಸೇರುವವರು ಈ ಎರಡರ ವ್ಯತ್ಯಾಸ ತಿಳಿದಿರಬೇಕು. ಸೀಟಿನ ಮೀಸಲಾತಿ ಅಲ್ಲಿ ಕೇಳಲಾಗದು, ಹೊಂದಾಣಿಕೆ ಕೇಳಬಹುದು.

ಉಲ್ಲಂಘಿಸಿದರೆ ದಂಡವೂ ಇದೆ. ಮೊದಲ ಸಲಕ್ಕೆ 10,000 ರೂಪಾಯಿವರೆಗೆ, ಮುಂದಿನ ಸಲಕ್ಕೆ 50,000ದಿಂದ 5 ಲಕ್ಷದವರೆಗೆ. ದಂಡ ಕಟ್ಟಿದ ಕಾಲೇಜಿನ ಸುದ್ದಿ ಈ ಭಾಗದಲ್ಲಿ ಯಾರ ಕಿವಿಗೂ ಬಿದ್ದ ಹಾಗಿಲ್ಲ. ದೂರು ಕೊಟ್ಟರೆ ತಾನೇ.

ಜೇಬಿನಲ್ಲೇ ಇರುವ ಯಂತ್ರ

ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ಬಹಳ ವರ್ಷ ಇದು ದುಡ್ಡಿದ್ದವರ ವಸ್ತುವಾಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಯುವಕರು, ಇಬ್ಬರೂ ದೃಷ್ಟಿಹೀನರೇ, ಎನ್‌ವಿಡಿಎ ಎಂಬ ತಂತ್ರಾಂಶ ಶುರು ಮಾಡಿ ಅದನ್ನು ಪುಕ್ಕಟೆ ಕೊಟ್ಟರು. ವಿಂಡೋಸ್ ಇರುವ ಯಾವ ಕಂಪ್ಯೂಟರಿಗೂ ಅದನ್ನು ಹಾಕಿಕೊಳ್ಳಬಹುದು, ಪೆನ್ ಡ್ರೈವಿನಲ್ಲಿ ಇಟ್ಟುಕೊಂಡು ಸೈಬರ್ ಸೆಂಟರಿನಲ್ಲೂ ಓಡಿಸಬಹುದು. ಅದರ ಜತೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ, ಮಲಯಾಳ ಎರಡೂ ಬರುತ್ತದೆ. ಧ್ವನಿ ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಮೊದಲ ಎರಡು ವಾರ ತಲೆನೋವು ಬರುತ್ತದೆ, ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ. ರೂಢಿಯಾದವರು ಬೇರೆಯವರಿಗೆ ಒಂದಕ್ಷರವೂ ಅರ್ಥವಾಗದಷ್ಟು ವೇಗದಲ್ಲಿ ಅದನ್ನು ಓಡಿಸುತ್ತಾರೆ.

ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಬೇರೆ ಇಳಿಸಿಕೊಳ್ಳಬೇಕಾಗಿಯೂ ಇಲ್ಲ, ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಇದೆ. ಗೂಗಲ್‌ನ ಧ್ವನಿ ಕನ್ನಡವನ್ನು ಸಾಕಷ್ಟು ಸಹಜವಾಗಿ ಓದುತ್ತದೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನಲ್ಲಿ 'ರೀಡ್ ಅಲೌಡ್' ಒತ್ತಿದರೆ ಕನ್ನಡಕ್ಕೆ ಒಂದು ಗಂಡು, ಒಂದು ಹೆಣ್ಣು ಧ್ವನಿ ಇವೆ. ಅದರಲ್ಲೇ ಇಮ್ಮರ್ಸಿವ್ ರೀಡರ್ ಎಂಬ ಇನ್ನೊಂದು ಸೌಲಭ್ಯ ಉಂಟು. ಜಾಹೀರಾತು, ಚಿತ್ರ ಎಲ್ಲ ತೆಗೆದು ಅಕ್ಷರ ಮಾತ್ರ ಉಳಿಸಿ, ಅಕ್ಷರದ ನಡುವೆ ಜಾಗ ಬಿಟ್ಟು, ಬೇಕಾದರೆ ಒಂದೊಂದೇ ಸಾಲನ್ನು ತೋರಿಸುತ್ತದೆ. ಸಾಲು ತಪ್ಪುವ, ಅಕ್ಷರ ಒಂದರ ಮೇಲೊಂದು ಏರಿದ ಹಾಗೆ ಕಾಣುವ ಮಕ್ಕಳಿಗೆ ಇದರಷ್ಟು ಉಪಯೋಗದ್ದು ಕಡಿಮೆ. ಡಿಸ್ಲೆಕ್ಸಿಯಾಕ್ಕೆ ಅಂತಲೇ ಮಾಡಿದ ವಿಶೇಷ ಫಾಂಟ್‌ಗಳ ಪ್ರಚಾರ ಜೋರಾಗಿದ್ದರೂ ಅವುಗಳಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಅಕ್ಷರ ದೊಡ್ಡದು ಮಾಡಿ, ಸಾಲಿನ ನಡುವೆ ಜಾಗ ಬಿಟ್ಟರೆ ಸಾಕು. ಒತ್ತಕ್ಷರ ಕೆಳಗೆ ಇಳಿಯುವ ಕನ್ನಡಕ್ಕಂತೂ ಸಾಲಿನ ನಡುವಿನ ಜಾಗವೇ ಮುಖ್ಯ.

ಬ್ಯಾರಿ ಭಾಷೆಗೆ ಪ್ರತ್ಯೇಕ ಧ್ವನಿ ಇನ್ನೂ ಇಲ್ಲ. ಆದರೆ ಕನ್ನಡ ಲಿಪಿಯಲ್ಲಿ ಬರೆದ ಬ್ಯಾರಿಯನ್ನು ಕನ್ನಡದ ಧ್ವನಿಯೇ ಓದಿಬಿಡುತ್ತದೆ, ಘಟ್ಟದ ಮೇಲಿನವರು ಬ್ಯಾರಿ ಓದಿದ ಹಾಗೆ. ನಗು ಬಂದರೂ ವಿಷಯ ಗೊತ್ತಾಗುತ್ತದೆ.

ಬ್ರೈಲ್ ಲಿಪಿಯ ಚುಕ್ಕೆಗಳು ತಾವೇ ಎದ್ದು ಇಳಿಯುವ ಎಲೆಕ್ಟ್ರಾನಿಕ್ ಸಾಧನಗಳ ಕಥೆ ಬೇರೆ. ಅಗ್ಗದಲ್ಲಿ ಮಾಡುವ ಪ್ರಯತ್ನಗಳು ಆಗಿವೆ, ದಿಲ್ಲಿ ಐಐಟಿಯಲ್ಲಿ ರೂಪುಗೊಂಡ ಡಾಟ್‌ಬುಕ್ 2019ರಲ್ಲಿ ಬಿಡುಗಡೆಯಾಯಿತು. ಆದರೂ ಅದು ಒಬ್ಬ ಸಾಮಾನ್ಯ ತಂದೆ ಅಂಗಡಿಗೆ ಹೋಗಿ ಕೊಂಡು ತರುವ ವಸ್ತು ಇನ್ನೂ ಆಗಿಲ್ಲ.

ಇಲ್ಲೊಂದು ತೆರಿಗೆಯ ವಿಚಿತ್ರ ಹೇಳಲೇಬೇಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಸೊನ್ನೆ. ಅದೇ ಪುಸ್ತಕದ ಇ-ಪ್ರತಿಗೆ ಮೊದಲು 18 ಶೇಕಡಾ ಇತ್ತು, ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಕ್ಕೆ 2018ರ ಜುಲೈಯಲ್ಲಿ 5 ಶೇಕಡಾಕ್ಕೆ ಇಳಿಸಿದರು. ಫೋನಿಗೆ 2020ರ ಏಪ್ರಿಲ್‌ನಲ್ಲಿ 12ರಿಂದ 18 ಮಾಡಿದರು, ಲ್ಯಾಪ್‌ಟಾಪಿಗೂ 18. ಕಣ್ಣಿರುವ ವಿದ್ಯಾರ್ಥಿ ತೆರಿಗೆ ಇಲ್ಲದೆ ಓದುತ್ತಾನೆ. ಕಣ್ಣಿಲ್ಲದವನು ಹತ್ತು ಸಾವಿರದ ಫೋನಿಗೆ 1,800 ರೂಪಾಯಿ ಕಟ್ಟಿ, ಆಮೇಲೆ ಇ-ಪುಸ್ತಕಕ್ಕೆ ಮತ್ತೊಮ್ಮೆ ಕಟ್ಟಿ ಅದೇ ಪಾಠ ಕೇಳುತ್ತಾನೆ. ಫೋನು ಎಲ್ಲರೂ ಬಳಸುವ ವಸ್ತು, ಆದ್ದರಿಂದ ರಿಯಾಯಿತಿ ಕಷ್ಟ ಎಂಬ ವಾದ ತೆಗೆದುಹಾಕುವಂಥದ್ದಲ್ಲ, ದುರುಪಯೋಗ ಆಗಬಹುದು. ಹಾಗಾದರೆ ಅಂಗವಿಕಲರ ಯುಡಿಐಡಿ ಕಾರ್ಡಿನ ನಂಬರ್ ಹಾಕಿ ಒಂದು ಫೋನಿಗೆ ಮಾತ್ರ ತೆರಿಗೆ ವಾಪಸ್ ಕೊಡುವ ದಾರಿ ಹುಡುಕಬಹುದು. ಗ್ಯಾಸ್ ಸಬ್ಸಿಡಿಯನ್ನು ನೇರ ಖಾತೆಗೆ ಹಾಕಿದ ಸರಕಾರಕ್ಕೆ ಇದು ಬೆಟ್ಟ ಅಗೆಯುವ ಕೆಲಸವೇನಲ್ಲ.

ಓದುವ ಯಂತ್ರ ಇದೆ, ಓದಿಸುವ ಪುಸ್ತಕ ಇಲ್ಲ

ಫೋನು ಪುಕ್ಕಟೆ ಓದುತ್ತದೆ ಎಂದ ಮೇಲೆ ತೊಂದರೆ ಎಲ್ಲಿ? ಕಾಲೇಜಿನ ವಾಟ್ಸಾಪ್ ಗ್ರೂಪ್ ತೆರೆದರೆ ಗೊತ್ತಾಗುತ್ತದೆ.

ಉಪನ್ಯಾಸಕರು ಕೈಬರಹದ ನೋಟ್ಸನ್ನು ಫೋನಿನಲ್ಲಿ ಫೋಟೋ ತೆಗೆದು ಹಾಕುತ್ತಾರೆ. ಮೂಲೆಯಲ್ಲಿ ಬೆರಳು, ಮಧ್ಯದಲ್ಲಿ ಟ್ಯೂಬ್‌ಲೈಟಿನ ನೆರಳು, ಪುಟ ಅಡ್ಡ. ಕಣ್ಣಿರುವವರು ಕತ್ತು ಓರೆ ಮಾಡಿ ಓದಿಕೊಳ್ಳುತ್ತಾರೆ. ಸ್ಕ್ರೀನ್ ರೀಡರಿಗೆ ಅದು ಬರಿಯ ಚಿತ್ರ. "ಇಮೇಜ್" ಅಂತ ಒಂದು ಶಬ್ದ ಹೇಳಿ ಸುಮ್ಮನಾಗುತ್ತದೆ. ಹಳೆಯ ಪಠ್ಯಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೂ ಅಷ್ಟೇ, ಇನ್ನೂರು ಪುಟ ಇನ್ನೂರು ಚಿತ್ರ. ಅದನ್ನು ಅಕ್ಷರವಾಗಿ ಬದಲಾಯಿಸುವ ತಂತ್ರಕ್ಕೆ ಒಸಿಆರ್ ಎಂದು ಹೆಸರು. ಗೂಗಲ್ ಲೆನ್ಸ್ ಮಾಡುವುದು ಅದನ್ನೇ, ಟೆಸರಾಕ್ಟ್ ಎಂಬ ಪುಕ್ಕಟೆ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡಕ್ಕೆಂದೇ ಒಸಿಆರ್ ಬೆಳೆಸಿದೆ. ಕೆಲಸ ಮಾಡುತ್ತದೆ, ಆದರೆ ಹಾಕಿದ ಚಿತ್ರ ನೆಟ್ಟಗಿದ್ದರೆ ಮಾತ್ರ. ನೆರಳು ಬಿದ್ದ, ಮಡಚಿದ ಪುಟದಲ್ಲಿ ಒತ್ತಕ್ಷರ ಮೊದಲು ಸಾಯುತ್ತದೆ.

ಕನ್ನಡಕ್ಕೆ ಇದಕ್ಕಿಂತ ದೊಡ್ಡ ಶಾಪ ನುಡಿ, ಬರಹ ಕಾಲದ ಹಳೆಯ ಫಾಂಟುಗಳು. ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತದಲ್ಲಿ ಕಣ್ಣಿಗೆ 'ಕ' ಕಾಣುತ್ತದೆ, ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೆರೆ ಇರುವ ಒಂದು ಎ. ಅಕ್ಷರದ ಮುಖವಾಡ ಕನ್ನಡದ್ದು, ಮೈ ಇಂಗ್ಲಿಷಿನದ್ದು. ಸ್ಕ್ರೀನ್ ರೀಡರ್ ಮುಖವಾಡ ನೋಡುವುದಿಲ್ಲ, ಮೈ ಓದುತ್ತದೆ. ಹಾಗಾಗಿ ಕೇಳುವವನ ಕಿವಿಗೆ ಬೀಳುವುದು ಪಿ, ಎ, ಕ್ಯೂ ಎಂಬ ಸಂತೆ. ಯುನಿಕೋಡಿನಲ್ಲಿ ಟೈಪ್ ಮಾಡಿದರೆ ಈ ಸಮಸ್ಯೆಯೇ ಇಲ್ಲ. ನುಡಿಯ ಹೊಸ ಆವೃತ್ತಿಯಲ್ಲೇ ಯುನಿಕೋಡ್ ಇದೆ, ಹಳೆಯ ಕಡತ ಬದಲಾಯಿಸುವ ಪುಕ್ಕಟೆ ಪರಿವರ್ತಕಗಳೂ ಇವೆ. ಆದರೂ ಪ್ರಶ್ನೆಪತ್ರಿಕೆ, ನೋಟ್ಸು, ಸುತ್ತೋಲೆಗಳು ಇನ್ನೂ ಹಳೆಯದರಲ್ಲೇ ಬರುತ್ತವೆ. "ಪ್ರಿಂಟ್ ಸರಿ ಬರ್ತದಲ್ಲ, ಮತ್ತೇನು?" ಎಂಬುದು ಟೈಪಿಸ್ಟರ ಉತ್ತರ. ಪ್ರಿಂಟ್ ಸರಿ ಬರುತ್ತದೆ, ನಿಜ.

ಕಾಸರಗೋಡಿನ ಕನ್ನಡ ವಿದ್ಯಾರ್ಥಿಗೆ ಈ ತಲೆನೋವು ದುಪ್ಪಟ್ಟು. ಪಾಠ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಸರಕಾರಿ ಅರ್ಜಿ, ಆದೇಶ, ಪಂಚಾಯತಿನ ಪಟ್ಟಿ ಮಲಯಾಳದಲ್ಲಿ. ಅಲ್ಲಿಯೂ ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳ ಕಡತ ಸುತ್ತಾಡುತ್ತಲೇ ಇವೆ. ಒಂದೇ ಪುಟದಲ್ಲಿ ಮೂರು ಭಾಷೆ ಇದ್ದರೆ ಯಂತ್ರ ಯಾವ ಧ್ವನಿಯಲ್ಲಿ ಓದಬೇಕು ಎಂದು ತಡವರಿಸುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಅರ್ಜಿ ಬೇಕು ಎಂಬ ಹಳೆಯ ಬೇಡಿಕೆಗೆ ಇನ್ನೊಂದು ಸಾಲು ಸೇರಿಸಬೇಕಾಗಿದೆ: ಅದು ಯುನಿಕೋಡ್ ಕನ್ನಡವೂ ಆಗಿರಬೇಕು. ಸ್ಕ್ಯಾನ್ ಮಾಡಿ ಹಾಕಿದ ಕನ್ನಡ ಅರ್ಜಿ ಕಣ್ಣು ಕಾಣದವನಿಗೆ ಮಲಯಾಳದ ಅರ್ಜಿಯಷ್ಟೇ ದೂರ.

ಕಾಮರ್ಸ್ ವಿದ್ಯಾರ್ಥಿಯ ಕಷ್ಟ ಪ್ರತ್ಯೇಕವಾಗಿ ನೋಡುವಂಥದ್ದು. ಬಿಎ ಓದುವವನಿಗೆ ಪುಟ ಅಂದರೆ ಸಾಲುಗಳು, ಮೇಲಿಂದ ಕೆಳಗೆ ಓದಿದರೆ ಆಯಿತು. ಬಿಕಾಂ ಪುಸ್ತಕದಲ್ಲಿ ಪುಟದ ಅರ್ಧ ಕೋಷ್ಟಕ. ಕ್ಯಾಷ್ ಖಾತೆಯ ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್. ಸ್ಕ್ಯಾನ್ ಮಾಡಿದ ಪುಟವನ್ನು ಒಸಿಆರ್‌ಗೆ ಕೊಟ್ಟರೆ ಅದು ನಡುವಿನ ಗೆರೆ ಲೆಕ್ಕಿಸದೆ ಅಡ್ಡಕ್ಕೆ ಓದುತ್ತದೆ. "ಟು ಬ್ಯಾಲೆನ್ಸ್ ಹನ್ನೆರಡು ಸಾವಿರದ ಐನೂರು ಬೈ ಪರ್ಚೇಸಸ್ ನಾಲ್ಕು ಸಾವಿರ" ಅಂತ ಒಂದೇ ಉಸಿರಿನಲ್ಲಿ. ಜಮಾ ಯಾವುದು, ಖರ್ಚು ಯಾವುದು? ಅದೇ ಖಾತೆಯನ್ನು ಎಕ್ಸೆಲ್ ಹಾಳೆಯಲ್ಲಿ ಕೊಟ್ಟರೆ ಎನ್‌ವಿಡಿಎ ಒಂದೊಂದು ಮನೆಗೆ ಹೋಗಿ "ಬಿ ಏಳು, ಹನ್ನೆರಡು ಸಾವಿರದ ಐನೂರು" ಎಂದು ವಿಳಾಸದ ಸಮೇತ ಹೇಳುತ್ತದೆ. ವಿದ್ಯಾರ್ಥಿ ಬಾಣದ ಕೀಲಿ ಒತ್ತುತ್ತಾ ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಾನೇ ನಡೆಯಬಹುದು. ಉಪನ್ಯಾಸಕರು ಆ ಲೆಕ್ಕವನ್ನು ಹೇಗೂ ಕಂಪ್ಯೂಟರಿನಲ್ಲಿ ಮಾಡಿರುತ್ತಾರೆ. ಅದರ ಪ್ರಿಂಟಿನ ಫೋಟೋ ಕಳಿಸುವ ಬದಲು ಮೂಲ ಕಡತ ಕಳಿಸಿದರೆ ಮುಗಿಯಿತು. ಖರ್ಚು ಸೊನ್ನೆ.

ಲೈಬ್ರರಿಯವರು ಹೇಳುವ ಇನ್ನೊಂದು ಕಾರಣ ಕಾಪಿರೈಟ್. "ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಕೊಟ್ಟರೆ ಕೇಸ್ ಆಗ್ತದೆ" ಎಂಬ ಹೆದರಿಕೆ. 2012ರಲ್ಲೇ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ಬದಲಾಯಿಸಿ ಕೊಡುವುದು ತಪ್ಪಲ್ಲ, ಅನುಮತಿಯೂ ಬೇಡ. ಇದೇ ವಿಷಯದ ಅಂತಾರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವನ್ನೂ ಕೇಂದ್ರ ಸರಕಾರ ಡೈಸಿ ಫೋರಮ್ ಜತೆ ಸೇರಿ ತೆರೆಯಿತು. ಕಣ್ಣು ಕಾಣದವರು, ಅಚ್ಚು ಪುಸ್ತಕ ಹಿಡಿದು ಓದಲಾಗದವರು ಸದಸ್ಯರಾಗಿ ಪುಸ್ತಕ ಇಳಿಸಿಕೊಳ್ಳಬಹುದು. ಕಾಲೇಜು ತಾನು ಸ್ಕ್ಯಾನ್ ಮಾಡಿಸಿ ಸರಿಪಡಿಸಿದ ಪುಸ್ತಕ ಮುಂದಿನ ಬ್ಯಾಚಿಗೂ ಬರುತ್ತದೆ, ಇನ್ನೊಂದು ಕಾಲೇಜಿನ ಅಂಥದೇ ವಿದ್ಯಾರ್ಥಿಗೂ ಬರುತ್ತದೆ. ಒಮ್ಮೆ ಹಾಕಿದ ಬಂಡವಾಳ.

ನ್ಯಾಕ್‌ಗೆ ಕೊಟ್ಟ ಲೆಕ್ಕ

ಕಾಲೇಜುಗಳಿಗೆ ಇದೆಲ್ಲ ಗೊತ್ತಿಲ್ಲ ಅಂತ ಯಾರೂ ಭಾವಿಸಬೇಕಿಲ್ಲ. ಗೊತ್ತಿದೆ, ಕಾಗದದಲ್ಲಿ. ನ್ಯಾಕ್ ಮೌಲ್ಯಮಾಪನದ ಏಳನೇ ಮಾನದಂಡದಲ್ಲಿ ಅಂಗವಿಕಲಸ್ನೇಹಿ ವಾತಾವರಣದ ಪ್ರಶ್ನೆ ಇದೆ. ರ‍್ಯಾಂಪ್ ಇದೆಯಾ, ಶೌಚಾಲಯ ಇದೆಯಾ ಎಂಬುದರ ಜತೆಗೆ ಸ್ಕ್ರೀನ್ ರೀಡಿಂಗ್ ತಂತ್ರಾಂಶ ಇದೆಯಾ, ಓದಿ ಹೇಳುವವರು ಇದ್ದಾರಾ, ಪಠ್ಯದ ಸಾಫ್ಟ್ ಕಾಪಿ ಕೊಡುತ್ತೀರಾ ಎಂದೂ ಕೇಳುತ್ತಾರೆ. ಜಾಗದ ಗುರುತು ಇರುವ ಫೋಟೋ, ಬಿಲ್ಲು ಹಚ್ಚಬೇಕು. ಅನೇಕ ಕಾಲೇಜುಗಳು ಈ ಸ್ವಯಂ ಅಧ್ಯಯನ ವರದಿಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮ್ಯತೆಯ ಮಾರ್ಗಸೂಚಿಯನ್ನು ಪ್ರತ್ಯೇಕವಾಗಿಯೇ ಹೊರಡಿಸಿದೆ.

ಮಗಳನ್ನು ಸೇರಿಸಲು ಹೊರಟ ತಂದೆ ಆ ವರದಿಯ ಒಂದು ಪುಟ ಪ್ರಿಂಟ್ ತೆಗೆದುಕೊಂಡು ಹೋಗಿ, "ಈ ಕಂಪ್ಯೂಟರ್ ಎಲ್ಲಿ ಉಂಟು, ಒಮ್ಮೆ ತೋರಿಸಿ" ಎಂದು ಕೇಳಬಹುದು. ಕೆಲವು ಕಡೆ ತಕ್ಷಣ ತೋರಿಸುತ್ತಾರೆ. ಕೆಲವು ಕಡೆ ಬೀಗದ ಕೈ ಹುಡುಕಲು ಅಟೆಂಡರ್ ಹೋಗುತ್ತಾನೆ. ಕಂಪ್ಯೂಟರ್ ಆನ್ ಆದರೂ ಅದಕ್ಕೆ ಹೆಡ್‌ಫೋನ್ ಇಲ್ಲದಿದ್ದರೆ ಅದು ಫೋಟೋಕ್ಕೆ ಇಟ್ಟದ್ದು ಅಂತ ಅರ್ಥ. ಲೈಬ್ರರಿಯಲ್ಲಿ ಗಟ್ಟಿಯಾಗಿ ಓದುವ ಯಂತ್ರವನ್ನು ಹೆಡ್‌ಫೋನ್ ಇಲ್ಲದೆ ಯಾರು ಬಳಸುತ್ತಾರೆ?

ಗಡಿಯ ಎರಡು ಬದಿ

ಕಾಸರಗೋಡು ಜಿಲ್ಲೆಯಲ್ಲಿ ಈ ವಿಷಯಕ್ಕೆ ಬೇರೆ ಕಡೆ ಇಲ್ಲದ ತೂಕ ಇದೆ. ಎಣ್ಮಕಜೆಯಿಂದ ಮುಳಿಯಾರು, ಪೆರಿಯದವರೆಗೆ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನೆಲ ಇದು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಆ ಪಟ್ಟಿಯಲ್ಲಿ ಹಾಸಿಗೆ ಹಿಡಿದವರ ಫೋಟೋಗಳನ್ನೇ ಜನ ನೋಡಿದ್ದಾರೆ. ದೃಷ್ಟಿ ಮಂದವಾದ, ಕೈ ಕಾಲು ಸರಿ ಹಿಡಿತಕ್ಕೆ ಬಾರದ, ಆದರೆ ಬುದ್ಧಿ ಚುರುಕಾಗಿರುವ ಮಕ್ಕಳೂ ಇಂಥ ಊರುಗಳಲ್ಲಿ ಕಾಲೇಜಿನ ವಯಸ್ಸಿಗೆ ಬರುತ್ತಾರೆ. ಅವರಿಗೆ ಪರಿಹಾರದ ಮೊತ್ತದಷ್ಟೇ ಮುಖ್ಯ ಪುಟ ತಿರುಗಿಸದೆ ಓದುವ ದಾರಿ.

ಸೌಲಭ್ಯಗಳು ಮಾತ್ರ ತಲಪಾಡಿಯ ಟೋಲ್ ಗೇಟಿನಲ್ಲಿ ನಿಂತುಬಿಡುತ್ತವೆ. ಕರ್ನಾಟಕ ಸರಕಾರ ಎಸ್ಸೆಸ್ಸೆಲ್ಸಿ ಮುಗಿಸಿದ ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇಟ್ಟುಕೊಂಡಿದೆ, ಆದರೆ ಅದು ಕರ್ನಾಟಕದ ನಿವಾಸಿಗಳಿಗೆ. ಕೇರಳದ ಯೋಜನೆ ಕೇರಳದವರಿಗೆ, ಆದರೆ ಹುಡುಗ ಓದುತ್ತಿರುವುದು ಮಂಗಳೂರಿನಲ್ಲಿ. ಕಾಲೇಜಿನ ಸೀಲು ಒಂದು ರಾಜ್ಯದ್ದು, ರೇಷನ್ ಕಾರ್ಡು ಇನ್ನೊಂದರದ್ದು. ಇದರಿಂದ ತಪ್ಪಿಸಿಕೊಂಡಿರುವುದು ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಮನೆಯ ವರ್ಷದ ಆದಾಯ ಎರಡೂವರೆ ಲಕ್ಷ ಮೀರಬಾರದು, ವೈಕಲ್ಯ 40 ಶೇಕಡಾ ಇರಬೇಕು. ಯುಡಿಐಡಿ ಕಾರ್ಡು ಎಲ್ಲ ರಾಜ್ಯದಲ್ಲೂ ನಡೆಯುತ್ತದೆ.

ಆ ಕಾರ್ಡು, ಸರ್ಟಿಫಿಕೇಟು ಮಾಡಿಸುವಲ್ಲಿಯೇ ಹೆಚ್ಚಿನವರು ಸುಸ್ತಾಗುತ್ತಾರೆ. ಚಿಕಿತ್ಸೆಗೆ ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋಗುವುದು ಕಾಸರಗೋಡಿನವರ ರೂಢಿ. ಅಲ್ಲಿಯ ದಪ್ಪ ಫೈಲು ವೈದ್ಯಕೀಯ ವರದಿಯೇ ಹೊರತು ವೈಕಲ್ಯದ ಸರ್ಟಿಫಿಕೇಟ್ ಅಲ್ಲ. ಅದಕ್ಕೆ ವಾಸದ ಜಿಲ್ಲೆಯ ಅಧಿಕೃತ ವೈದ್ಯಕೀಯ ಮಂಡಳಿಯೇ ಬೇಕು, ಇಲ್ಲವೇ ಚಿಕಿತ್ಸೆ ಪಡೆದ ಸರಕಾರಿ ಆಸ್ಪತ್ರೆ. ಕಲಿಕಾ ತೊಂದರೆಯ ವಿಷಯದಲ್ಲಿ 2018ರ ಮಾರ್ಗಸೂಚಿ ಎಂಟು ವರ್ಷಕ್ಕೆ ಮೊದಲ ಪರೀಕ್ಷೆ, ಮತ್ತೆ ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಎಂದು ಹೇಳಿತ್ತು, ಹದಿನೆಂಟರದ್ದು ಜೀವನಪೂರ್ತಿಗೆ. ಶಾಲೆಯಲ್ಲಿ ಯಾರೂ ಗುರುತಿಸದೆ ಬಿಟ್ಟ ಮಕ್ಕಳು ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ಕಳೆದುಕೊಂಡ ಮೇಲೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ, ಅದೂ ಮೊಬೈಲ್ ಮೇಲೆ ಗೂಬೆ ಕೂರಿಸುವ ಚರ್ಚೆ. ಹೆಣ್ಣುಮಕ್ಕಳ ವಿಷಯದಲ್ಲಿ ಸರ್ಟಿಫಿಕೇಟ್ ಬೇಡವೇ ಬೇಡ ಎನ್ನುವ ಮನೆಗಳಿವೆ, ನಾಳೆ ಸಂಬಂಧ ಬರುವಾಗ ತೊಂದರೆ ಆಗುತ್ತದೆ ಅಂತ. ಆ ಹೆದರಿಕೆ ಸುಳ್ಳು ಎನ್ನಲಾಗದು. ಆದರೆ ಅದರ ಬೆಲೆ ಮೂರು ವರ್ಷದ ಡಿಗ್ರಿ.

ಪರೀಕ್ಷೆ ಹಾಲಿನಲ್ಲಿ

ಓದು ಹೇಗೋ ಆಯಿತು ಎಂದುಕೊಂಡರೂ ಪರೀಕ್ಷೆ ಇದೆ. ಕೇಂದ್ರದ 2018ರ ಮಾರ್ಗಸೂಚಿಯಂತೆ ಬರೆಯುವವರ ಸಹಾಯ ಸಿಗುತ್ತದೆ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಉತ್ತರವನ್ನು ಕಂಪ್ಯೂಟರಿನಲ್ಲಿ ಬರೆಯುವ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳುವ ಅವಕಾಶವೂ ಅದರಲ್ಲಿದೆ. ಕ್ಯಾಲ್ಕುಲೇಟರ್ ಬಿಡುವ ಪರೀಕ್ಷೆಗೆ ಮಾತನಾಡುವ ಕ್ಯಾಲ್ಕುಲೇಟರ್ ತರಬಹುದು, ಅಕೌಂಟೆನ್ಸಿಯವರು ಇದನ್ನು ಗುರುತು ಹಾಕಿಕೊಳ್ಳಬೇಕು. ಸ್ವಂತ ಸಹಾಯಕರನ್ನು ಕರೆತರುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದು 2018ರ ಆ ಮಾರ್ಗಸೂಚಿ ಹೇಳಿತ್ತು.

40 ಶೇಕಡಾ ಇಲ್ಲದವರಿಗೆ ಏನೂ ಇಲ್ಲ ಎಂಬುದೂ ಈಗ ಸರಿಯಲ್ಲ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಸಹಾಯಕರನ್ನು ಕೊಡಬೇಕು, ಅದಕ್ಕೆ 40 ಶೇಕಡಾದ ಗೆರೆ ಅಡ್ಡಿಯಾಗಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಗಮ್ಯತೆಯ ನಿಯಮಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಎಂದು ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರಂದು ಡಿಜಿಟಲ್ ಸೌಲಭ್ಯ ಎಲ್ಲರ ಕೈಗೆ ಎಟಕುವುದು ಬದುಕುವ ಹಕ್ಕಿನ ಭಾಗವೇ ಎಂದಿತು. ಆ ತೀರ್ಪು ಬ್ಯಾಂಕಿನ ಕೆವೈಸಿಯ ವಿಷಯದಲ್ಲಿ ಬಂದದ್ದು. ಆದರೆ ಚಿತ್ರದಲ್ಲಿರುವ ಸೊಟ್ಟ ಅಕ್ಷರ ಟೈಪ್ ಮಾಡಿ ಎನ್ನುವ ಕ್ಯಾಪ್ಚಾ ಇರುವ ಅಡ್ಮಿಷನ್ ಪೋರ್ಟಲಿಗೂ ಅದೇ ತರ್ಕ ಅನ್ವಯವಾಗದಿರಲು ಕಾರಣ ಕಾಣುವುದಿಲ್ಲ.

ಎಐ ಬಂದ ಮೇಲೆ ಇದೆಲ್ಲ ಬೇಕಾ ಎಂದು ಕೇಳುವವರಿದ್ದಾರೆ. ಪುಸ್ತಕ ಹಾಕಿದರೆ ಸಾರಾಂಶ ಮಾಡಿ ಮಾತಿನಲ್ಲಿ ಹೇಳಿಬಿಡುತ್ತದಲ್ಲ! ಫೋಟೋದಲ್ಲಿರುವ ನಕ್ಷೆಯನ್ನು, ಕೈಬರಹವನ್ನು ವಿವರಿಸುವಲ್ಲಿ ಅದು ನಿಜಕ್ಕೂ ಉಪಕಾರ. ಬಿ ಮೈ ಐಸ್ ಎಂಬ ಆ್ಯಪ್ ಕಣ್ಣಿರುವ ಸ್ವಯಂಸೇವಕರನ್ನು ವೀಡಿಯೊದಲ್ಲಿ ಜೋಡಿಸುವ ಕೆಲಸದಿಂದ ಶುರುವಾಗಿ, 2023ರಿಂದ ಎಐ ಮೂಲಕವೂ ಚಿತ್ರ ವಿವರಿಸುತ್ತಿದೆ. ಆದರೆ ಓದಿ ಹೇಳುವುದು ಬೇರೆ, ಓದಿದವನ ಪರವಾಗಿ ಹೇಳುವುದು ಬೇರೆ. ಸಾರಾಂಶದಲ್ಲಿ ಒಂದು ಅಂಕಿ ತಪ್ಪಿದರೆ ಕಣ್ಣಿರುವ ವಿದ್ಯಾರ್ಥಿ ಮೂಲ ಪುಟ ತಿರುಗಿಸಿ ನೋಡುತ್ತಾನೆ. ಮೂಲ ಪುಟವೇ ಓದಲು ಬಾರದ ರೂಪದಲ್ಲಿದ್ದವನು ಯಂತ್ರ ಹೇಳಿದ್ದನ್ನೇ ಬರೆದು ಬರುತ್ತಾನೆ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದಿದ್ದರೆ ಮಾರ್ಕು ಹೋಗುವುದು ಅವನದ್ದು.

ಪ್ರತಿ ವರ್ಷ ಫಲಿತಾಂಶದ ನಂತರ ಊರೂರಿನ ಸಂಘ, ಜಮಾಅತ್, ಯುವಕ ಮಂಡಲಗಳು ಪ್ರತಿಭಾ ಪುರಸ್ಕಾರ ಮಾಡುತ್ತವೆ. ಶಾಲು, ಸ್ಮರಣಿಕೆ, ಫೋಟೋ, ಊಟ. ತಪ್ಪೇನಿಲ್ಲ, ಮಕ್ಕಳಿಗೆ ಹುರುಪು ಬರುತ್ತದೆ. ಸ್ಮರಣಿಕೆಯ ಬಿಲ್ಲು ನೋಡಿದವರಿಗೆ ಗೊತ್ತು, ಐವತ್ತು ಮಕ್ಕಳ ಸ್ಮರಣಿಕೆಯ ದುಡ್ಡಿನಲ್ಲಿ ಊರಿನ ವಾಚನಾಲಯಕ್ಕೆ ಒಂದು ಸ್ಕ್ಯಾನರ್, ಎರಡು ಹೆಡ್‌ಫೋನ್ ಬಂದೀತು. ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗರು ವಾರಕ್ಕೆ ಎರಡು ಸಂಜೆ ಕೂತರೆ ಒಂದು ಪಠ್ಯಪುಸ್ತಕದ ಒಸಿಆರ್ ತಪ್ಪು ತಿದ್ದಿ ಮುಗಿಸಬಹುದು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆ 1990ರಿಂದ ದೃಷ್ಟಿಹೀನರಿಗಾಗಿ ಕೆಲಸ ಮಾಡುತ್ತಿದೆ, ಹೇಗೆ ಮಾಡುವುದು ಎಂದು ಕೇಳಿದರೆ ಹೇಳಿಕೊಡುವವರಿದ್ದಾರೆ.

ಸದ್ಯಕ್ಕೆ ಈ ವರ್ಷ ಸೇರುವವರು ಮಾಡಬಹುದಾದದ್ದು ಇಷ್ಟು. ಬೇಕಾದ್ದನ್ನು ಬಾಯಲ್ಲಿ ಹೇಳದೆ ಪತ್ರದಲ್ಲಿ ಬರೆಯಬೇಕು: ನೋಟ್ಸು ಯುನಿಕೋಡಿನಲ್ಲಿ, ಲೆಕ್ಕ ಎಕ್ಸೆಲ್‌ನಲ್ಲಿ, ಪಠ್ಯಪುಸ್ತಕದ ಸಾಫ್ಟ್ ಕಾಪಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. 2016ರ ಕಾಯ್ದೆಯ 16ನೇ ಸೆಕ್ಷನ್ ಎಂದು ಒಂದು ಸಾಲು ಸೇರಿಸಬೇಕು. ತರಗತಿ ಶುರುವಾದ ಮೊದಲ ವಾರದಲ್ಲೇ ಪ್ರಾಂಶುಪಾಲರಿಗೆ ಕೊಡಬೇಕು, ಇಂಟರ್ನಲ್ ಪರೀಕ್ಷೆಯ ಹಿಂದಿನ ದಿನ ಅಲ್ಲ. ಎರಡು ಪ್ರತಿ ಒಯ್ಯಬೇಕು, ಒಂದು ಆಫೀಸಿಗೆ, ಇನ್ನೊಂದರ ಮೇಲೆ ತಾರೀಕು ಹಾಕಿ 'ಸ್ವೀಕರಿಸಲಾಗಿದೆ' ಎಂಬ ಸೀಲು ಹೊಡೆಸಿಕೊಂಡು ಮನೆಯ ಫೈಲಿನಲ್ಲಿ ಇಡಬೇಕು. ನಾಳೆ ರಾಜ್ಯ ಅಂಗವಿಕಲರ ಆಯುಕ್ತರ ಮುಂದೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಸೀಲನ್ನೇ.